ನಾನು ಮಗಳಾದ ಬೇಸಿಗೆ

ಆ ದಿನಗಳಲ್ಲಿ ಧಾರವಾಡದ ಬೇಸಿಗೆಗೆ ಒಂದು ಮರ್ಯಾದೆಯಿತ್ತು. ಮಧ್ಯಾಹ್ನ ಎಷ್ಟೇ ಕಾದರೂ ಬಿಸಿಲು ಇಳಿಯುವ ಹೊತ್ತಿಗೆ ಪಡುವಣದಿಂದ ಗಾಳಿ ಬೀಸುತ್ತಿತ್ತು. ಮಾಳಮಡ್ಡಿಯ ಹೆಂಚಿನ ಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದರೆ ಸಾಕು, ಓಣಿಯೆಲ್ಲ ಹೊರಗೇ. ಯಾರದೋ ಮನೆಯ ಹುಲ್ಲಿನೊಳಗೆ ಹಣ್ಣಿಗಿಟ್ಟ ಆಪೂಸ್ ಮಾವು, ಇನ್ಯಾರದೋ ಮಾಳಿಗೆಯ ಮೇಲೆ ಒಣಗಿದ ಸಂಡಿಗೆಯ ಜೀರಿಗೆ, ಎಲ್ಲ ವಾಸನೆಯೂ ಕೂಡಿ ಗಾಳಿಗೇ ಹಸಿವಾಗುವಂತಿರುತ್ತಿತ್ತು. ಆಗ ಅಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೇಳಹೊರಟಿರುವುದು ಅಂಥ ಬೇಸಿಗೆಗಳಲ್ಲಿ ಒಂದನ್ನು. ಆಗ ನನಗೆ ಒಂಬತ್ತು ವರ್ಷ.

ನಾನಿದ್ದದ್ದು ಕಾಕಾ-ಕಾಕುವಿನ ಮನೆಯಲ್ಲಿ. ಹಾಗೆ ಕರೆಯುತ್ತಿದ್ದೆನೇ ಹೊರತು ಅವರು ನನಗೆ ರಕ್ತಸಂಬಂಧದವರಲ್ಲ. ಕಾಕು ಅಂದರೆ ಸುಗುಣಾಬಾಯಿ, ಹುಬ್ಬಳ್ಳಿಯ ಒಂದು ಸಣ್ಣ ದವಾಖಾನೆಯಲ್ಲಿ ನರ್ಸು. ಕಾಕಾ, ಯೋಹಾನಪ್ಪ, ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ಫಿಟರ್. ಇಬ್ಬರೂ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದರು. ನನ್ನನ್ನು ಹೆತ್ತವಳು ಕಾಕುವಿನ ದವಾಖಾನೆಯಲ್ಲೇ ಆಯಾ ಆಗಿದ್ದಳು. ಊರು ಶಿರಗುಪ್ಪಿ, ನಾವೂ ಕ್ರೈಸ್ತರೇ. ಹುಟ್ಟಿಸಿದ ಅಪ್ಪನ ಮುಖ ನನಗೆ ನೆನಪಿಲ್ಲ. ತಾಯಿ ಕಾಮಣಿ ಬೇನೆಯಾಗಿ ತೀರಿಕೊಂಡಾಗ ಸೋದರಮಾವ ನನ್ನನ್ನು ಶಿರಗುಪ್ಪಿಗೆ ಕರೆದುಕೊಂಡು ಹೋದ.

ಮಾಮಿ ಕೆಟ್ಟವಳಲ್ಲ. ಅವಳಿಗೆ ಅವಳ ಮಕ್ಕಳು, ಹೊಲದ ಕೆಲಸ, ಎಂದೂ ಸಾಲದ ಹಿಟ್ಟು. ಆದರೆ ಅವಳ ಬಾಯಲ್ಲಿ ಒಂದು ಮಾತಿತ್ತು: "ಕೂಳಿಗೆ ದಂಡ, ಭೂಮಿಗೆ ಭಾರ." ನಾನು ಸುಮ್ಮನೆ ಕೂತದ್ದು ಕಂಡರೆ ಆ ಮಾತು ಬರುತ್ತಿತ್ತು. ನೀರು ತಂದು, ಸೆಗಣಿ ಬಾಚಿ, ಕಸ ಹೊಡೆದರೆ ಆ ಮಾತಿಲ್ಲದೆ ರೊಟ್ಟಿ ಬರುತ್ತಿತ್ತು. ನಾನು ಇದನ್ನು ಮಗ್ಗಿಯ ಹಾಗೆ ಕಲಿತುಬಿಟ್ಟೆ.

ಒಂದು ದಿನ ಕಾಕು ನನ್ನನ್ನು ನೋಡಲೆಂದು ಊರಿಗೆ ಬಂದಳು. ನನ್ನ ಕೈ ಹಿಡಿದು, ಒಡೆದ ಬೆರಳುಗಳನ್ನು ನೋಡಿದಳು. ಆಮೇಲೆ ಮಾಮಾನಿಗೆ, "ಈಕಿನ್ನ ನಮ್ಮ ಮನಿಗೆ ಕಳಸ್ತೀರೇನ್ರಿ? ಸಾಲಿಗೆ ಹಾಕ್ತೇನಿ" ಅಂದಳು. ಮಾಮಾ ತಲೆಯಾಡಿಸಿದ. ಎಷ್ಟು ದಿನಕ್ಕೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಯಾರೂ ಹೇಳದೆ ಬಿಟ್ಟ ಆ ಮಾತಿನೊಳಗೆ ನಾನು ಸಿಕ್ಕಿಕೊಂಡೆ.

ಮಾಳಮಡ್ಡಿಗೆ ಬಂದ ಮೇಲೂ ಎಲ್ಲರಿಗಿಂತ ಮೊದಲು ಏಳುತ್ತಿದ್ದೆ. ಕಸ ಹೊಡೆದು, ನಳ ಬಂದ ದಿನ ಕೊಡ ತುಂಬಿಟ್ಟು, ಕಾಕಾನ ಬೂಟು ಒರೆಸಿ ಬಾಗಿಲ ಬಳಿ ಇಡುತ್ತಿದ್ದೆ.

"ಇಷ್ಟ ಲಗೂ ಯಾಕ ಏಳ್ತಿ? ಮಕ್ಕೋ ಹೋಗು" ಅನ್ನುತ್ತಿದ್ದಳು ಕಾಕು.

"ಎಚ್ಚರ ಆತ್ರಿ ಕಾಕು" ಅನ್ನುತ್ತಿದ್ದೆ.

ಊರಿಂದ ತಂದಿದ್ದ ಕೈಚೀಲವನ್ನು ನಾನು ಬಿಚ್ಚಿರಲೇ ಇಲ್ಲ. ಅದು ಕೋಣೆಯ ಬಾಗಿಲ ಹಿಂದೆ ಗೂಟಕ್ಕೆ ತೂಗುತ್ತಿತ್ತು. ಒಗೆದ ಬಟ್ಟೆ ಒಣಗಿದೊಡನೆ ಮಡಚಿ ಅದರೊಳಗೇ ಇಡುತ್ತಿದ್ದೆ. "ಅರಿವಿ ಕಪಾಟಿನ್ಯಾಗ ಇಡು" ಎಂದು ಕಾಕು ಹೇಳಿದಾಗಲೆಲ್ಲ "ಹೂನ್ರಿ" ಅಂದದ್ದು ಹೌದು. ಆದರೆ ಹೊರಡು ಅಂದರೆ ತಡವಾಗಬಾರದಲ್ಲ ಎಂದು ಒಳಗೊಳಗೇ ಲೆಕ್ಕ.

ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಪ್ರಾರ್ಥನೆ. ಕಾಕಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಒಂದು ಕೀರ್ತನೆ ಹೇಳುತ್ತಿದ್ದ, ರಾಗ ಅವನದೇ. ಅವನ ಪ್ರಾರ್ಥನೆ ಎದುರು ಮನೆಯವರ ಜೊತೆ ಮಾತಾಡಿದ ಹಾಗೆ. ಗಾಡಿ ಸರಿಯಾದ ಹೊತ್ತಿಗೆ ಬಂದದ್ದಕ್ಕೆ, ಹುಳಿಗೆ ಉಪ್ಪು ಸರಿಯಾಗಿದ್ದಕ್ಕೆ, ಎಲ್ಲಕ್ಕೂ ಸ್ತೋತ್ರ. ನನ್ನದು ಕಣ್ಣು ಬಿಗಿಯಾಗಿ ಮುಚ್ಚಿ ಒಳಗೇ ಮಾಡುವ ಪ್ರಾರ್ಥನೆ, ಬರೀ ಚೌಕಾಶಿ. ದೇವರೇ, ನಾಳೆ ಪಾತ್ರೆಯನ್ನೂ ತೊಳೆಯುತ್ತೇನೆ, ನನ್ನನ್ನು ಇಲ್ಲೇ ಇಡು. ನನ್ನ ಕಣ್ಣಿಗೆ ದೇವರೂ ಮಾಮಿಯ ಹಾಗೇ ಒಲೆಯ ಮುಂದೆ ಕೂತು, ನಾನು ಏನೇನು ಮಾಡಿದೆ ಎಂದು ನೋಡಿ ರೊಟ್ಟಿ ಹಾಕುವವನು.

ಆ ಬೇಸಿಗೆಯ ಹೊತ್ತಿಗೆ ಕಾಕು ಬಸುರಿ. ಲಗ್ನವಾಗಿ ಎಷ್ಟೋ ವರ್ಷಗಳ ಮೇಲೆ, ಯಾರೂ ಕಾಯದೆ ಇದ್ದಾಗ ಬಂದ ಭಾಗ್ಯ. ಅವಳು ರಜೆ ಹಾಕಿ ಮನೆಯಲ್ಲೇ ಇದ್ದಳು. ಕಾಕಾ ಒಬ್ಬನೇ ಕೂತು ನಗುತ್ತಿದ್ದ. ರವಿವಾರ ಚರ್ಚಿನ ಬಾಗಿಲಲ್ಲಿ ಹೆಂಗಸರೆಲ್ಲ ಅವಳ ಸುತ್ತ ನಿಲ್ಲುತ್ತಿದ್ದರು. ಮೊದಮೊದಲು ನನಗೂ ಖುಷಿಯೇ. ಕೂಸಿಗೆ ಹೊದಿಸಲು ಹಳೆಯ ಸೀರೆಯ ಕೌದಿ ಹೊಲಿಯುವಾಗ ಸೂಜಿಗೆ ದಾರ ಪೋಣಿಸಿಕೊಡುವುದು ನನ್ನ ಕೆಲಸವಾಗಿತ್ತು.

ಪಕ್ಕದ ಮನೆಯ ಇಂದಿರಾಬಾಯಿ ಒಳ್ಳೆಯ ಮನಸ್ಸಿನವರು. ಅವರ ಮಾಳಿಗೆಯ ಮೇಲೆ ಸಂಡಿಗೆ ತಿರುವಿಹಾಕಲು ನನ್ನನ್ನು ಕರೆದು, ಅರ್ಧ ಒಣಗಿದ್ದನ್ನು ತಿನ್ನಲು ಕೊಡುತ್ತಿದ್ದರು. ಒಂದು ಮಧ್ಯಾಹ್ನ ಅಲ್ಲಿ ಕೂತಿದ್ದಾಗ ಅವರು, "ಇನ್ನ ನಿಮ್ಮ ಕಾಕುಗ ತನ್ನದ ಸ್ವಂತ ಕೂಸು ಬರ್ತದ. ನೀ ಊರಿಗೆ ಹೋಗ್ತೀಯೇನವಾ, ಇಲ್ಲೇ ಇರ್ತೀಯೋ?" ಎಂದು ಕೇಳಿದರು. ಮೊಸರು ಹೆಪ್ಪಾಯಿತೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದರು, ಅದರಲ್ಲಿ ಕುಹಕವಿರಲಿಲ್ಲ. ಆದರೆ ಕೈಯಲ್ಲಿದ್ದ ಸಂಡಿಗೆಯನ್ನು ನಾನು ಮತ್ತೆ ಒಣಗಲು ಹಾಕಿದ್ದರ ನಡುವೆ ಇಟ್ಟೆ. ಇಷ್ಟು ಸರಳವಾದ ಸಂಗತಿ ನನಗೇಕೆ ಹೊಳೆದಿರಲಿಲ್ಲ ಅನ್ನಿಸಿತು. ಖಾಲಿ ಜಾಗ ಇತ್ತು, ನನ್ನನ್ನು ತಂದು ಕೂರಿಸಿದ್ದರು. ಇನ್ನು ಆ ಜಾಗದವರು ಬರುತ್ತಿದ್ದಾರೆ.

ಆಗ ಚರ್ಚಿನಲ್ಲಿ ರಜೆಯ ಶಾಲೆ ನಡೆದಿತ್ತು. ಕೈ ಬಡಿದು ಹಾಡುವುದು, ಕುಣಿಯುವುದು, ಕೊನೆಗೆ ಬಿಸ್ಕೀಟು ಮತ್ತು ಲಿಂಬು ಶರಬತ್ತು. ಬೇರೆ ಹುಡುಗರು ಶರಬತ್ತಿಗೆ ಸಾಲು ನಿಂತರೆ ನಾನು ಮೂಲೆಯಲ್ಲಿ ಮರುದಿನದ ವಚನವನ್ನೂ ಬಾಯಿಪಾಠ ಮಾಡುತ್ತ ಕೂರುತ್ತಿದ್ದೆ. ಟೀಚರು ಬೆನ್ನು ತಟ್ಟಿದರು. ನಾನು ಹೇಳುತ್ತಿದ್ದ ವಚನಗಳೆಲ್ಲ ದೇವರ ಪ್ರೀತಿಯ ಬಗ್ಗೆಯೇ ಇದ್ದವು. ಅಕ್ಷರ ತಪ್ಪದೆ ಹೇಳಿದೆ. ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟು ಸಾಲದು ಅನ್ನಿಸಿ ಮಾವಿನಹಣ್ಣು ಬಿಟ್ಟೆ. ಕಾಕಾ ಬುಟ್ಟಿ ತುಂಬ ಆಪೂಸ್ ತಂದು ಕೋಣೆಯ ಹುಲ್ಲಿನಲ್ಲಿ ಹಣ್ಣಿಗಿಟ್ಟಿದ್ದ. ರಾತ್ರಿ ಮಲಗಿದರೆ ಆ ವಾಸನೆ ಹೊದಿಕೆಯೊಳಗೂ ಬರುತ್ತಿತ್ತು. ಕಾಕು ಹೆಚ್ಚಿ ಕೊಟ್ಟಾಗ, "ಹೊಟ್ಟಿ ನೋಯಾಕತ್ತೇತ್ರಿ" ಅಂದೆ. ಅವಳು ಹಣೆ ಮುಟ್ಟಿ ನೋಡಿದಳು, ಓಂಕಾಳು ಕೊಟ್ಟಳು. ಮರುದಿನವೂ ಅದೇ ನೋವು ಹೇಳಿದೆ. ಕಾಕು ನನ್ನ ಮುಖವನ್ನೇ ನೋಡುತ್ತ ನಿಂತಳು.

ಅವಳಿಗೆ ದಿನ ತುಂಬುತ್ತ ಬಂದಿದ್ದಾಗ, ಒಂದು ಮಧ್ಯಾಹ್ನ ಮಾಮಾ ಬಂದ. ಟವೆಲ್ಲಿನಲ್ಲಿ ಶೇಂಗಾ ಕಟ್ಟಿಕೊಂಡು ಬಂದಿದ್ದ. ಕಾಕಾ ಹುಬ್ಬಳ್ಳಿಯಲ್ಲಿ ಕೆಲಸದ ಮೇಲಿದ್ದ. ಕಾಕು ಚಹಾ ಮಾಡಿ ಕೊಟ್ಟಳು. ಅರ್ಧ ಕುಡಿದು ಬಸಿ ಕೆಳಗಿಟ್ಟು ಮಾಮಾ ಹೇಳಿದ: "ಅಕ್ಕಾರ, ನಿಮಗ ಕೂಸ ಆಗತೈತಿ ಅಂತ ಕೇಳಿ ಭಾಳ ಸಂತೋಷಾತ್ರಿ. ಇನ್ನ ಈ ಹುಡುಗಿ ಭಾರ ನಿಮಗ್ಯಾಕ? ನಾ ಕರಕೊಂಡ ಹೋಗತೇನ್ರಿ."

"ಭಾರ ಅಂತ ನಾವು ಅಂದೇವೇನ್ರಿ ಅಣ್ಣಾರ?"

"ನೀವು ಅನ್ನೂದಿಲ್ರಿ. ನಮಗೂ ತಿಳೀಬೇಕಲ್ರಿ. ನನ್ನ ತಂಗಿ ಮಗಳನ್ನ ಮಂದಿ ಮನ್ಯಾಗ ಎಷ್ಟ ದಿನಾ ಬಿಡ್ಲಿ?"

ಕಾಕು ನನ್ನ ಕಡೆ ತಿರುಗಿದಳು. "ನಿನಗ ಹೆಂಗ ಅನಸತೈತಿ ಶಾಂತಾ? ಮಾಮಾನ ಕೂಡ ಹೋಗಬೇಕಂತೀಯೇನು?"

ಅವಳ ದನಿ ತೆಳ್ಳಗಾಗಿತ್ತು. ಅದು ಅಳುವಿನ ಅಂಚು ಎಂದು ಇಂದು ನನಗೆ ಗೊತ್ತು. ಅಂದು ನನಗೆ ಕೇಳಿಸಿದ್ದು, ಹೇಳಲು ಸಂಕೋಚಪಡುವವರ ದನಿ. ಒಳ್ಳೆಯ ಹುಡುಗಿ ಹೇಳಬೇಕಾದ ಉತ್ತರ ಯಾವುದೆಂದು ನನಗೆ ಗೊತ್ತಿತ್ತು.

"ಹೋಗತೇನ್ರಿ" ಅಂದೆ.

ಅವಳ ಮುಖ ಇಳಿಯಿತು. "ಆತು" ಎಂದು ಎದ್ದಳು. ನನ್ನ ಬಟ್ಟೆ ಕಟ್ಟಲು ಕೋಣೆಗೆ ಹೋದವಳು ಕೈಚೀಲ ಮುಟ್ಟಿ ಹಾಗೇ ನಿಂತಳು. ಅದು ಆಗಲೇ ತುಂಬಿತ್ತು. ಲಂಗ, ಜಂಪರು, ಶಾಲೆಯ ಬಟ್ಟೆ, ಎಲ್ಲ ಮಡಿಕೆ ಸಮೇತ. ಅದನ್ನು ಗೂಟದಿಂದ ಇಳಿಸಿ ನನ್ನ ಕೈಗೆ ಕೊಡುವಾಗ ಅವಳು ನನ್ನ ಮುಖ ನೋಡಲಿಲ್ಲ.

"ಇವರು ಬರೂತನಾ ನಿಲ್ರಿ" ಎಂದಳು ಮಾಮಾನಿಗೆ.

"ಈ ಗಾಡಿ ತಪ್ಪಿದ್ರ ಹುಬ್ಬಳ್ಳ್ಯಾಗ ಶಿರಗುಪ್ಪಿ ಬಸ್ಸ ಸಿಗೂದಿಲ್ರಿ."

"ಹಂಗಾದ್ರ ಸ್ಟೇಶನ್ನಿನ್ಯಾಗ ಅವರ್ನ ಭೆಟ್ಟಿಯಾಗೇ ಹೋಗ್ರಿ. ಅವರ ಗಾಡಿ ನಿಮ್ಮ ಗಾಡಿಕಿಂತ ಮೊದಲ ಬರತೈತಿ. ಹೇಳದ ಹೋದ್ರ ಅವರು ಊಟಾ ಮಾಡೂದಿಲ್ಲ."

ಸ್ಟೇಶನ್ನು ಮನೆಯಿಂದ ನಡೆದು ಹೋಗುವಷ್ಟೇ ದೂರ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತೆವು. ಮಾಮಾ ಶೇಂಗಾ ಸುಲಿದು ನನ್ನ ಅಂಗೈಗೆ ಹಾಕಿದ. ನಾನು ಹಿಡಿದುಕೊಂಡೇ ಇದ್ದೆ. ಅವನು ಹಳಿಯ ಕಡೆ ನೋಡುತ್ತ, "ನಿಮ್ಮ ಮಾಮಿ ಈಗ ಮೊದಲಿನಂಗ ಬೈಯೂದಿಲ್ಲವ್ವಾ" ಅಂದ. ಪಾಪ, ಅವನಿಗೂ ಗೊತ್ತಿತ್ತು.

ಹುಬ್ಬಳ್ಳಿಯಿಂದ ಗಾಡಿ ಬಂತು. ಡಬ್ಬಿಯ ಚೀಲ ಹಿಡಿದು, ಗ್ರೀಸಿನ ಕಲೆಯ ನೀಲಿ ಅಂಗಿಯಲ್ಲಿ ಕಾಕಾ ಇಳಿದ. ನಮ್ಮನ್ನು ಕಂಡು ನಗುತ್ತ ಬಂದವನು ನನ್ನ ಮಡಿಲಲ್ಲಿದ್ದ ಕೈಚೀಲ ನೋಡಿ ನಿಂತ.

"ಎಲ್ಲಿಗವ್ವಾ?"

"ಊರಿಗ್ರಿ."

ಮಾಮಾ ಎದ್ದು ನಿಂತು ಎಲ್ಲ ಹೇಳಿದ. ಹುಡುಗಿಯೇ ಬರುತ್ತೇನೆ ಅಂದಳು ಎಂದೂ ಹೇಳಿದ. ಕಾಕಾ ನನ್ನ ಮುಂದೆ ಆ ಧೂಳಿನ ಪ್ಲಾಟ್‌ಫಾರ್ಮಿನಲ್ಲೇ ಕುಕ್ಕರುಗಾಲಿನಲ್ಲಿ ಕೂತ. "ಖರೇ ಹೇಳು ಶಾಂತವ್ವಾ. ಯಾಕ ಹೊಂಟಿ?"

"ಕೂಸ ಬರತೈತಲ್ರಿ ಕಾಕಾ. ಅದಕ್ಕ ಜಾಗಾ ಬೇಕಲ್ರಿ."

"ಯಾರಂದ್ರು ನಿನಗ?"

"ಯಾರೂ ಅಂದಿಲ್ರಿ."

"ಹೋಗಬೇಕಂತ ನಿನಗ ಅನಿಸೇತೇನು?"

ಇಲ್ಲ ಅಂದರೆ ಭಾರವಾಗುತ್ತೇನೆ. ಹೌದು ಅಂದರೆ ಸುಳ್ಳಾಗುತ್ತದೆ. "ಇಲ್ರಿ" ಎಂಬ ಮಾತು ಅದಾಗಿಯೇ ಬಂತು. ಅದು ಬಂದದ್ದೇ ತಡ, ಉಳಿದದ್ದನ್ನು ತಡೆಯಲು ಆಗಲಿಲ್ಲ. "ನಾ ಎಲ್ಲಾ ಕೆಲಸಾ ಮಾಡತೇನ್ರಿ ಕಾಕಾ. ಕೂಸಿನ ಅರಿವಿನೂ ಒಗೀತೇನಿ. ಮಾವಿನಹಣ್ಣ ಕೇಳೂದಿಲ್ರಿ."

"ಮಾವಿನಹಣ್ಣ?"

"ದೇವರಿಗೆ ಬಿಟ್ಟೇನ್ರಿ. ನನ್ನ ಇಲ್ಲೇ ಇಡ್ಲಿ ಅಂತ."

ಕಾಕಾ ತೋಳಿನಿಂದ ಮುಖ ಒರೆಸಿಕೊಂಡ. ಕೆನ್ನೆಯ ಮೇಲೆ ಗ್ರೀಸು ಮೆತ್ತಿತು. ಆಮೇಲೆ ನನ್ನೆರಡೂ ಕೈ ಹಿಡಿದುಕೊಂಡ. "ಕೇಳಿಲ್ಲೆ. ವರ್ಕಶಾಪಿನ್ಯಾಗ ನಾ ಕೆಲಸಾ ಮಾಡಿದ್ರ ಪಗಾರ ಕೊಡ್ತಾರ. ಮನ್ಯಾಗ ಯಾರಿಗೂ ಪಗಾರಿಲ್ಲ. ನಾ ಛಲೋ ಫಿಟರ್ ಇದ್ದೇನಿ ಅಂತ ನಿಮ್ಮ ಕಾಕು ನನಗ ಊಟಕ್ಕ ಹಾಕೂದಿಲ್ಲ. ನಮ್ಮ ಸ್ವಾಮಿನೂ ಹಂಗ. ನಿನ್ನ ಕೆಲಸಾ ನೋಡಿ ಆತ ನಿನ್ನ ಇಟಗೊಂಡಿಲ್ಲ. ನೀ ಕಸಬರಗಿ ಹಿಡಿಯೂಕಿಂತ ಮೊದಲ, ನೀ ಹುಟ್ಟೂಕಿಂತ ಮೊದಲ, ಈಕಿ ನನಗ ಬೇಕು ಅಂದಾನ."

"ಮತ್ತ ಕೂಸು?"

"ಅದೂ ಬೇಕಂದಾನ. ಆತನ ಮನ್ಯಾಗ ಒಬ್ಬರು ಬಂದ್ರ ಇನ್ನೊಬ್ಬರು ಎದ್ದ ಹೋಗೂದಿಲ್ಲವ್ವಾ. ನಮ್ಮ ಮನ್ಯಾಗೂ ಹೋಗೂದಿಲ್ಲ."

ಮಾಮಾ ಬೆಂಚಿನ ಮೇಲೆ ಕುಸಿದು ಕೂತ. ಅವನ ಮುಖದಲ್ಲಿ ಬೇಸರ ಕಾಣಿಸೀತೆಂದು ಅಂಜಿ ನೋಡಿದೆ. ಅವನು ಉಸ್ಸೆಂದು ಉಸಿರು ಬಿಟ್ಟ. "ಅಕಿ ಶೇಂಗಾ ತಿನ್ನಲಾರದ ಹಿಡಕೊಂಡ ಕುಂತಿದ್ದು ನೋಡಿ ನನಗೂ ಇದು ಬ್ಯಾಡ ಅನಸಾಕತ್ತಿತ್ರಿ. ಕರಕೊಂಡ ಹೋಗದಿದ್ರ ನಾಳೆ ಮಂದಿ ನನಗ ಅಂತಾರು ಅಂತ ಬಂದಿದ್ನಿ. ನೀವು ಹಿಂಗ ಅಂದ ಮ್ಯಾಲೆ ಆತಲ್ರಿ."

ಹುಬ್ಬಳ್ಳಿಗೆ ಹೋಗುವ ಗಾಡಿ ಬಂತು, ನಿಂತಿತು, ಹೋಯಿತು. ನಾವು ಮೂವರೂ ಮನೆಯ ಕಡೆ ನಡೆದೆವು. ಕೈಚೀಲ ಕಾಕಾನ ಹೆಗಲ ಮೇಲಿತ್ತು. ನನ್ನ ಕಾಲು ನೆಲಕ್ಕೆ ಹತ್ತುತ್ತಲೇ ಇರಲಿಲ್ಲ. ದಾರಿಯಲ್ಲಿ ಶೇಂಗಾ ಎಲ್ಲ ತಿಂದುಬಿಟ್ಟೆ.

ಕಾಕು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಕತ್ತಲಾಗುತ್ತಿದ್ದರೂ ಮನೆಯೊಳಗೆ ದೀಪ ಹಾಕಿರಲಿಲ್ಲ. ನನ್ನನ್ನು ಕಂಡು ಏಳಲು ಹೋಗಿ, ಏಳಲಾರದೆ, ಅಲ್ಲೇ ಕೈ ಚಾಚಿದಳು.

"ಹೋಗತೇನಿ ಅಂದೆಲ್ಲ ನೀ?"

"ಹೋಗಬ್ಯಾಡ ಅಂತ ನೀವು ಅನ್ಲಿಲ್ಲಲ್ರಿ."

"ಅರಿವಿ ಎಲ್ಲಾ ಮೊದಲ ಕಟ್ಟಿ ಇಟ್ಟಿದ್ದೆಲ್ಲ ಹುಚ್ಚಿ! ನಿನಗ ನಮ್ಮ ಮನಿ ಬ್ಯಾಡಾಗೇತಿ ಅಂತ ತಿಳಕೊಂಡ್ನಿ ನಾ."

ಅವಳು ಅತ್ತಳು, ನಾನೂ ಅತ್ತೆ. ನಡುವೆ ಹೊಟ್ಟೆಯೊಳಗಿನ ಕೂಸು ಒದೆಯಿತೆಂದು ಅವಳು ನಕ್ಕಳು. ಆಮೇಲೆ ಒಳಗೆ ಹೋಗಿ, ಕಪಾಟಿನ ನಡುವಿನ ಅರೆಯಲ್ಲಿದ್ದ ತನ್ನ ಸೀರೆಗಳನ್ನೆಲ್ಲ ಮೇಲಕ್ಕೇರಿಸಿ, ನನ್ನ ಬಟ್ಟೆಗಳನ್ನು ಅಲ್ಲಿ ಒಂದೊಂದಾಗಿ ಜೋಡಿಸಿದಳು. ಕೈಚೀಲ ಮರುದಿನದಿಂದ ಸಂತೆಗೆ ಹೋಗತೊಡಗಿತು.

ಮಾಮಾ ಅಂದು ನಮ್ಮಲ್ಲೇ ಉಳಿದ. ಊಟಕ್ಕೆ ಮುಂಚೆ ಕಾಕಾ ಮಾವಿನಹಣ್ಣಿನ ತಾಟು ಮುಂದಿಟ್ಟುಕೊಂಡು ಪ್ರಾರ್ಥಿಸಿದ: "ಸ್ವಾಮಿ, ಈ ಹುಡುಗಿ ನಿನಗಂತ ಬಿಟ್ಟ ಹಣ್ಣ ನೀನೂ ತಿಂದಿಲ್ಲ, ಅಕಿನೂ ತಿಂದಿಲ್ಲ. ವಾಪಸ್ ಅಕಿಗೇ ಕೊಟ್ಟಿ ಅಂತ ತಿಳಕೊಂಡ ತಿಂತೇವಿ. ಆಮೆನ್." ಕಣ್ಣು ಮುಚ್ಚಿದ್ದ ಮಾಮಾ ಕಿಸಕ್ಕನೆ ನಕ್ಕುಬಿಟ್ಟ. ನಾನು ಮೊಳಕೈವರೆಗೆ ರಸ ಸುರಿಸಿಕೊಂಡು ಓಟೆಯನ್ನೂ ಬಿಡದೆ ಚೀಪಿದೆ.

ಮರುದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಆ ಮನೆಗೆ ಬಂದ ಮೇಲೆ ಬಿಸಿಲು ಬರುವವರೆಗೆ ನಾನು ಮಲಗಿದ್ದು ಅದೇ ಮೊದಲು. ಗಾಬರಿಯಿಂದ ಎದ್ದು ಕಸಬರಿಗೆಗೆ ಓಡಿದೆ. ಒಲೆಯ ಮುಂದಿದ್ದ ಕಾಕು ತಿರುಗಿ ನೋಡಿದಳು. "ಕಸಾ ಹೊಡಿ, ನಾ ಬ್ಯಾಡ ಅನ್ನೂದಿಲ್ಲ. ಅಂಜಿ ಹೊಡೀಬ್ಯಾಡ."

ದೇವರ ಪ್ರೀತಿ ನನಗೆ ಒಂದೇ ದಿನಕ್ಕೆ ಅರ್ಥವಾಯಿತೆಂದು ಹೇಳಿದರೆ ಸುಳ್ಳಾದೀತು. ಅರ್ಥವಾದದ್ದು ಪ್ಲಾಟ್‌ಫಾರ್ಮಿನಲ್ಲೇ ಇರಬಹುದು. ಅದರೊಳಗೆ ಕಾಲು ಚಾಚಿ ಕೂರುವುದು ಕಲಿಯಲು ಬಹಳ ದಿನ ಹಿಡಿಯಿತು. ಮುಂಗಾರಿನ ಮೊದಲ ಮಳೆಯ ಹೊತ್ತಿಗೆ ತಮ್ಮ ಹುಟ್ಟಿದ. ಬಾಣಂತಿಯ ಕೋಣೆಯ ತುಂಬ ಹೆಂಗಸರು, ಬೆಳ್ಳುಳ್ಳಿ ಮತ್ತು ಲೋಬಾನದ ವಾಸನೆ. ನನ್ನ ಅಂಜಿಕೆ ಮತ್ತೆ ತಲೆಯೆತ್ತಿತು. ಬಚ್ಚಲಿನಿಂದ ಬಿಸಿನೀರು ತರುತ್ತಿದ್ದವಳು ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದು, "ಅವ್ವಾ!" ಎಂದು ಚೀರಿದೆ. ಬಿದ್ದವರೆಲ್ಲ ಹಾಗೇ ಚೀರುತ್ತಾರೆ. ಅದು ಯಾರನ್ನೋ ಕರೆಯುವುದಲ್ಲ, ನೋವಿಗೆ ಬಾಯಿಗೆ ಬರುವ ಮಾತು. ಆದರೆ ಒಳಗಿನ ಮಂಚದಿಂದ, ಎಲ್ಲ ಹೆಂಗಸರ ಮಾತಿನ ಮೇಲೆ, "ಬಂದ್ನಿ ಮಗಳ!" ಎಂದು ಉತ್ತರ ಬಂತು. ಬಾಣಂತಿ ಏಳಬಾರದೆಂದು ಎಲ್ಲರೂ ಬೈಯುತ್ತಿದ್ದರೂ ಅವಳು ಗೋಡೆ ಹಿಡಿದು ಬಂದೇಬಿಟ್ಟಳು. ನನ್ನ ಮೊಣಕಾಲು ಒರೆಸಿ, ಕರೆದುಕೊಂಡು ಹೋಗಿ, ಮಂಚದ ಮೇಲೆ ಕೂರಿಸಿ, ತಮ್ಮನನ್ನು ನನ್ನ ಮಡಿಲಿಗಿಟ್ಟಳು. ಮತ್ತೆ ನಾನು ಅವಳನ್ನು ಕಾಕು ಎಂದು ಕರೆಯಲಿಲ್ಲ.

ಮುಂದೆ ಕಾಕಾನೂ ನನಗೆ ಅಪ್ಪನಾದ, ಕೋರ್ಟಿನ ಕಾಗದಗಳೂ ಆದವು. ಮಾಮಾ ತಾನೇ ಬಂದು ಸಂತೋಷದಿಂದ ಸಹಿ ಹಾಕಿದ. ರಜೆಗೆ ಶಿರಗುಪ್ಪಿಗೆ ಹೋದರೆ ಮಾಮಿ ತಲೆಗೆ ಎಣ್ಣೆ ಹಚ್ಚಿ, ಬಿಸಿರೊಟ್ಟಿಗೆ ಬೆಣ್ಣೆ ಹಾಕಿ, ನನ್ನನ್ನು ಒಲೆಯ ಹತ್ತಿರ ಕೆಲಸಕ್ಕೆ ಬಿಡುತ್ತಿರಲಿಲ್ಲ. ಅವಳೊಳಗೂ ಏನೋ ಹಗುರಾಗಿರಬೇಕು.

ಈಗ ಆ ಮನೆ ಇಲ್ಲ. ಅಲ್ಲಿ ಮೂರು ಅಂತಸ್ತಿನ ಕಟ್ಟಡ ಎದ್ದಿದೆ; ಇಂದಿರಾಬಾಯಿಯ ಮಾಳಿಗೆಯೂ ಹೋಯಿತು, ಸಂಡಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮಾವು ಪೆಟ್ಟಿಗೆಯಲ್ಲಿ ಬಂದು ರಾತ್ರೋರಾತ್ರಿ ಹಳದಿಯಾಗುತ್ತದೆ, ವಾಸನೆಯೇ ಇಲ್ಲ. ಸಂಜೆಯ ಗಾಳಿ ಕಟ್ಟಡಗಳ ನಡುವೆ ದಾರಿ ತಪ್ಪಿದೆ. ಅಪ್ಪ ಮೊದಲು ಹೋದ, ಎರಡು ವರ್ಷದ ಕೆಳಗೆ ಅವ್ವನೂ. ಹುಬ್ಬಳ್ಳಿಯ ನನ್ನ ಮನೆಯಲ್ಲಿ ಕುಕ್ಕರು ಕೂಗುವಾಗ, ಗ್ಯಾಸು ಆರಿಸಲು ಅವ್ವ ಏಳುತ್ತಾಳೇನೋ ಎಂದು ಇಂದಿಗೂ ಒಂದು ಗಳಿಗೆ ಕಾಯುತ್ತೇನೆ.

ಕಳೆದುಹೋದದ್ದನ್ನು ಹೀಗೆ ಎಣಿಸುತ್ತ ಹೋದರೆ ಮುಗಿಯುವುದಿಲ್ಲ. ಆದರೆ ಕಳೆದುಹೋದದ್ದರ ನಡುವೆ ನನ್ನ ಅಂಜಿಕೆಯೂ ಇದೆ, ಅದನ್ನು ಮಾತ್ರ ನಾನು ಹುಡುಕುವುದಿಲ್ಲ. ಈಗ ರಾತ್ರಿ ಕೆಲಸ ಮುಗಿಸಿ ಪ್ರಾರ್ಥನೆಗೆ ಕೂತರೆ ಹೇಳಬೇಕೆಂದುಕೊಂಡದ್ದು ಅರ್ಧಕ್ಕೇ ನಿಂತು, ಎಷ್ಟೋ ಸಲ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತೇನೆ. ಬೆಳಗಾದ ಮೇಲೆ ಆಮೆನ್ ಹೇಳಿ ಏಳುತ್ತೇನೆ.